ಕಾಣದ ನಲವತ್ತೆರಡು ಚೀಲ

೨೦೨೫ರ ಜೂನ್ ೧೦, ಮಂಗಳವಾರ, ಬೆಳಿಗ್ಗೆ ೧೦.೪೦. ಬೀಜದ ಕಂಪನಿಯೊಂದರ ಮ್ಯಾನೇಜರ್ ಶಂಭುಲಿಂಗ ಹಿರೇಕೆರೂರು ಠಾಣೆಗೆ ಬಂದು ದೂರು ಕೊಟ್ಟ. ಭಾನುವಾರ ಇಲ್ಲಿನ ಗೋದಾಮಿನಿಂದ ನಾನೂರು ಚೀಲ ಬಿತ್ತನೆ ಗೋವಿನಜೋಳ ಲಾರಿ ಏರಿತ್ತು. ಸವಣೂರಿನ ಗೋದಾಮಿಗೆ ಮುಟ್ಟಿದ್ದು ಮುನ್ನೂರೈವತ್ತೆಂಟು.

"ಯಾರ ಮ್ಯಾಲ ಅನುಮಾನ?" ಇನ್‌ಸ್ಪೆಕ್ಟರ್ ಮೃತ್ಯುಂಜಯ ಕೇಳಿದರು.

"ನಮ್ಮ ನುಜಹತಳ ಮ್ಯಾಲ್ರಿ. ಚೀಲಕ್ಕ ಮಷಿನ್ ಓದೂ ಟ್ಯಾಗ್ ಹಚ್ಚಾಕಿ ಆಕೀನ. ಚಲನ್ ಮ್ಯಾಲೂ ಆಕೀದ ಸಹಿ."

ಎಫ್‌ಐಆರ್ ದಾಖಲಾಯಿತು. ನುಜಹತಳಿಗೆ ಇಪ್ಪತ್ತಾರು ವರ್ಷ, ಟ್ಯಾಗ್ ವಿಭಾಗದ ಮುಖ್ಯಸ್ಥೆಯಾಗಿ ಮೂರು ತಿಂಗಳು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕಳ್ಳಿ ಎಂಬ ಹೆಸರು ಅಂಟಿದರೆ ಈ ಸೀಮೆಯಲ್ಲಿ ಯಾರು ಕೆಲಸ ಕೊಡುತ್ತಾರೆ? ಠಾಣೆಗೆ ಕರೆಸಿದಾಗ ಅವಳು ಅಳಲಿಲ್ಲ, ಆದರೆ ಮುಖ ಸುಣ್ಣದಂತಾಗಿತ್ತು.

"ಶನಿವಾರ ಮಧ್ಯಾಹ್ನ ಟ್ಯಾಗ್ ಹೊಲಿಸಿ ಮಷಿನ್‌ಲೆ ಓದಿಸೇನ್ರಿ. ನಾನೂರ ಇದ್ವು."

"ಆಮೇಲೆ ಗೋದಾಮಿನ ಚಾವಿ?"

"ಮಾಲತೇಶ ಕಾಕಾನ ಹತ್ರ."

ಮಾಲತೇಶ ಹದಿನೆಂಟು ವರ್ಷದಿಂದ ಆ ಗೋದಾಮಿನ ಮೇಸ್ತ್ರಿ. ನುಜಹತಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ.

"ಸವಣೂರಾಗ ಚೀಲ ಎಣಿಸಿದವರು ಯಾರು?" ಇನ್‌ಸ್ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದರು.

"ಬಾಗಿಲದಾಗಿನ ಮಷಿನ್ ರಿ. ಚೀಲ ಒಳಗ ಹೋದಂಗ ಟ್ಯಾಗ್ ಓದತೈತಿ."

"ಮನುಷ್ಯಾರು?"

"ಮಷಿನ್ ಬಂದ ಮ್ಯಾಲ ಮನುಷ್ಯಾರು ಯಾಕ್ರಿ ಸರ್?"

ಮೃತ್ಯುಂಜಯ ಟೋಪಿ ತೆಗೆದುಕೊಂಡು, ಇಬ್ಬರನ್ನೂ ಕರೆದುಕೊಂಡು ಜೀಪು ಹತ್ತಿದರು. ಮಧ್ಯಾಹ್ನ ೨.೧೫ಕ್ಕೆ ಸವಣೂರಿನಲ್ಲಿ ಇಬ್ಬರು ಪಂಚರ ಎದುರು ಕಾನ್‌ಸ್ಟೇಬಲ್ ಬಾನುಬಿ ಚೀಲಗಳನ್ನು ಕೈಯಿಂದ ಎಣಿಸಲು ಶುರುಮಾಡಿದಳು. ೪.೫೦ಕ್ಕೆ ಎಣಿಕೆ ಮುಗಿಯಿತು. ನಾನೂರು. ಒಂದೂ ಕಡಿಮೆಯಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಕಾಣದ ಚೀಲಗಳು ಅದರ ಬೆನ್ನಹಿಂದೆಯೇ ಆರಾಮಾಗಿ ಕೂತಿದ್ದವು. ಶಂಭುಲಿಂಗ ಇಂಗು ತಿಂದ ಮಂಗನಂತಾದ.

ನಲವತ್ತೆರಡು ಚೀಲಗಳಲ್ಲಿ ಬೇರೆ ಟ್ಯಾಗ್ ಸಿಕ್ಕಿತು. ನುಜಹತ ಅದನ್ನು ಕೈಯಲ್ಲಿ ಹಿಡಿದು ನೋಡಿದಳು.

"ಇದು ಹಾನಗಲ್ಲ ಶಾಖೆದು ಸರ್, ಹಳೇದು. ಅಲ್ಲಿ ಮಷಿನ್ ಅಂಟಿಸಿ ಹಿಡದ್ರಷ್ಟ ಓದತೈತಿ. ನಮ್ಮ ಹೊಸಾವು ದೂರದಿಂದನ ಓದ್ತಾವು. ಎರಡರ ರೇಡಿಯೊ ಅಲೆ ಬ್ಯಾರೆ, ಈ ಬಾಗಿಲದ ಮಷಿನ್‌ಗೆ ಹಳೇವು ಕಾಣಂಗಿಲ್ಲ. ಎಲ್ಲಾ ಊರಿಗೂ ಒಂದ ಪದ್ಧತಿ ತರ್ರಿ ಅಂತ ಪತ್ರಾನೂ ಬರದಿದ್ದೆ."

ಅಷ್ಟರಲ್ಲಿ ಹಮಾಲ ಮಹಮ್ಮದಗೌಸ ಒಂದು ಚೀಲ ತಟ್ಟಿ ನಕ್ಕ. "ಇವನ್ನ ಹೊಲಿದವನಿಗೆ ಪುಣ್ಯ ಬರ್ಲಿ ಸಾಹೇಬ್ರ. ಮೂಲಿಗೆ ಕಿವಿ ಬಿಟ್ಟಾನ, ಹಿಡದು ಎತ್ತಾಕ ಸಲೀಸು. ಮಷಿನ್ ಹೊಲಿಗಿಗೆ ಕಿವಿ ಇರಂಗಿಲ್ಲ."

ಬಾನುಬಿ ಬಗ್ಗಿ ನೋಡಿದಳು. ಬೇರೆ ಚೀಲಗಳ ಬಾಯಿ ನೆಟ್ಟಗಿತ್ತು. ಈ ನಲವತ್ತೆರಡಕ್ಕೆ ಮಾತ್ರ ದಬ್ಬಣದ ಹೊಲಿಗೆ, ಎರಡೂ ಮೂಲೆಯಲ್ಲಿ ಸುತಳಿ ಬಿಗಿದ ಕಿವಿ. ಕದ್ದು ಮಾಡುವ ಕೆಲಸದಲ್ಲೂ ಹಮಾಲರ ಕೈಗೆ ತ್ರಾಸಾಗಬಾರದೆಂದು ನೋಡುವವರು ಎಷ್ಟು ಜನ ಇದ್ದಾರು?

"ನಿಮ್ಮಲ್ಲಿ ಕೈಲೆ ಹೊಲಿಯೋರು ಯಾರು?" ಅವಳು ನುಜಹತಳನ್ನು ಕೇಳಿದಳು.

ನುಜಹತ ತಡೆದು ತಡೆದು ಹೇಳಿದಳು. "ಕಾಕಾ ಒಬ್ಬರ."

ಬುಧವಾರ ಬೆಳಿಗ್ಗೆ ೯.೩೦ಕ್ಕೆ ಹಾನಗಲ್ ಶಾಖೆಯ ದಾಸ್ತಾನು ವಹಿಯಲ್ಲಿ ಹಳೆಯ ಟ್ಯಾಗಿನ ಕಟ್ಟು ಒಯ್ದ ಮಾಲತೇಶನ ಸಹಿ ಸಿಕ್ಕಿತು. ೧೧.೪೫ಕ್ಕೆ ಹಿರೇಕೆರೂರಿನ ಅವನ ಮನೆಯ ಟ್ರಂಕಿನಲ್ಲಿ ನಲವತ್ತೆರಡು ಹೊಸ ಟ್ಯಾಗುಗಳು. ಪಂಚನಾಮೆ ಬರೆದು ಜಪ್ತಿ ಮಾಡಿ ಅವನನ್ನು ಬಂಧಿಸಿದರು.

"ಯಾಕ ಮಾಡಿದ್ರಿ?" ಮೃತ್ಯುಂಜಯ ಕೇಳಿದರು.

"ಹೊಟ್ಟಿಕಿಚ್ಚು ಸರ್. ಸುಳ್ಳ ಯಾಕ ಹೇಳ್ಲಿ? ದಬ್ಬಳ ಹಿಡಿಯೂದು ಆಕಿಗೆ ಕಲಿಸಾಕ ಹೋದ್ರ ಬೆರಳು ಚುಚ್ಚಗೊಂಡು ಅಳ್ತಿದ್ಲು. ಈಗ ಹಮಾಲರೆಲ್ಲ 'ನುಜಹತ ಮೇಡಮ್' ಅಂತಾರ. ಮೊದಲ ಒಂದು ಚೀಲ ಕಾಣದಿದ್ರ, 'ಮಾಲತೇಶನ್ನ ಕರೀರಿ' ಅಂತಿದ್ರು."

"ಆಕಿ ಜೈಲಿಗೆ ಹೋಗ್ತಿದ್ಲು."

"ಅಲ್ಲೀಮಟ ಹೋಗತೈತಿ ಅನ್ಕೊಂಡಿರಲಿಲ್ರಿ. ಸವಣೂರಾಗ ಚೀಲ ಕಾಣವಲ್ವು ಅಂದ ಕೂಡ್ಲೆ ನನಗ ಫೋನ್ ಮಾಡ್ತಾರ, ಹೋಗಿ ಒಂದು ತಾಸಿನಾಗ ಹುಡುಕಿ ಕೊಡ್ತೇನಿ ಅಂತ ಅಂಗಿ ಇಸ್ತ್ರಿ ಮಾಡ್ಸಿ ಇಟ್ಟಿದ್ದೆ. ಎರಡು ದಿನ ಕಾದೆ."

"ನೀವ ಹೋಗಿ ಹೇಳಬಹುದಿತ್ತಲ್ಲ?"

ಮಾಲತೇಶ ಅಂಗಿಯ ತೋಳು ನೆಟ್ಟಗೆ ಮಾಡಿಕೊಂಡ.

"ಯಾರೂ ಕರೀದ ಹ್ಯಾಂಗ ಹೋಗ್ಲಿ ಸರ್?"