ಬಲಗಡೆಯ ಕುರ್ಚಿ

ಲೈಬ್ರರಿಯ ಹರಿದ ಪುಸ್ತಕಗಳನ್ನು ಹೊಲಿದುಕೊಡುವ ಬೈಂಡರ್ ಮೂರನೇ ಕಂಪ್ಯೂಟರಿನ ಮುಂದಿನಿಂದ ಎದ್ದು ಕೌಂಟರಿಗೆ ಬಂದು, ತಾನೇ ಏನೋ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, ಲೈಬ್ರರಿಯನ್ ಹತ್ತಿರ ಒಂದು ದೂರು ಹೇಳಿದ.

"ದಿನಾ ಸಂಜೆ ಎಲ್ಲ ಅಳಿಸ್ತೀವಿ ಅಂತ ಬೋರ್ಡ್ ಹಾಕಿದ್ದೀರಿ. ಆದ್ರೆ ಹೋದ ವಾರ ಎಲ್ಲಿಗೆ ಬಿಟ್ಟಿದ್ನೋ ಅಲ್ಲಿಂದ್ಲೇ ವಿಡಿಯೋ ಶುರುವಾಗ್ತಿದೆ."

ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಎಂಟೂ ಕಂಪ್ಯೂಟರುಗಳ ಹಿಸ್ಟರಿಯನ್ನು ಕೈಯಾರೆ ಅಳಿಸಿದ ಮೇಲೆಯೇ ಲೈಬ್ರರಿಯ ಬಾಗಿಲು ಹಾಕುವವಳು ಅವಳು. ಅಳಿಸಿದ್ದೇನೆ ಎಂದು ಖಡಾಖಂಡಿತವಾಗಿ ಹೇಳಿದಳು. ಅವನು ಇರಬಹುದು ಎಂದಷ್ಟೇ ಹೇಳಿ, ಹರಿದ ಪುಸ್ತಕಗಳ ಚೀಲವನ್ನು ಹೆಗಲಿಗೇರಿಸಿ ಹೊರಟ. ಜಗಳವಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ "ಇರಬಹುದು" ಮಧ್ಯಾಹ್ನವಿಡೀ ಅವಳನ್ನು ಚುಚ್ಚಿತು.

ಮುಖ್ಯ ಕಚೇರಿಗೆ ಫೋನು ಮಾಡಿ ವಿಚಾರಿಸಿದರೆ ತಪ್ಪು ಅವಳದೇ. ವಿಡಿಯೋ ನೋಡಬೇಕಾದರೆ ಬ್ರೌಸರಿಗೆ ಪ್ಲಗಿನ್ ಎಂಬ ಬಾಲಂಗೋಚಿ ಬೇಕಾಗಿದ್ದ ಕಾಲವದು. ಹಿಸ್ಟರಿ ಅಳಿಸಿದರೆ ಬ್ರೌಸರ್ ಮರೆಯುತ್ತದೆ, ಪ್ಲಗಿನ್ ಮರೆಯುವುದಿಲ್ಲ. ಯಾವ ಸೈಟಿಗೆ ಹೋದರು, ಎಲ್ಲಿಯವರೆಗೆ ನೋಡಿದರು, ಸದ್ದು ಎಷ್ಟಿಟ್ಟುಕೊಂಡರು ಎಂಬುದನ್ನೆಲ್ಲ ಯಾರ ಕಣ್ಣಿಗೂ ಬೀಳದ ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಅಳಿಸಲು ಅದರದೇ ಸೆಟ್ಟಿಂಗ್ಸಿಗೆ ಹೋಗಬೇಕು.

ಸಂಜೆ ಒಂದೊಂದಾಗಿ ಅಳಿಸುತ್ತಾ ಮೂರನೆಯದಕ್ಕೆ ಬಂದಳು. ಕೀಬೋರ್ಡ್ ಕೈಕೊಟ್ಟಿದ್ದ ಆ ಕಂಪ್ಯೂಟರನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ, ಪ್ರತಿ ಬುಧವಾರ ಬರುವ ಬೈಂಡರ್ ಒಬ್ಬನೇ ಅದರ ಮುಂದೆ ಕೂರುತ್ತಿದ್ದ. ಪಟ್ಟಿಯಲ್ಲಿ ಎರಡು ಹೆಸರಿದ್ದವು. ಒಂದು ಹಕ್ಕಿಗಳ ಕೂಗಿನ ಸೈಟು, ಇನ್ನೊಂದು ಕಿವಿ ಪರೀಕ್ಷೆಯದು. ಪಟ್ಟಿ ಕಣ್ಣಿಗೆ ಬಿದ್ದದ್ದು ಕೆಲಸದ ಭಾಗ. ಫೈಲು ತೆರೆದು ನೋಡುವುದು ಅವಳ ಕೆಲಸವಾಗಿರಲಿಲ್ಲ.

ಅವಳು ಕಿವಿ ಪರೀಕ್ಷೆಯದನ್ನು ತೆರೆದಳು. ಕೇಳಿಸಲು ಬಲಗಿವಿಗೆ ಬೇಕಾದ ಸದ್ದು ಪ್ರತಿವಾರವೂ ನಾಲ್ಕು. ಎಡಗಿವಿಗೆ ಆರು, ಏಳು, ಒಂಬತ್ತು. ಹೋದ ವಾರ ಹತ್ತು. ಹತ್ತರ ಮೇಲೆ ಅಂಕಿಯೇ ಇರಲಿಲ್ಲ. ಥಟ್ಟನೆ ಎಲ್ಲವನ್ನೂ ಅಳಿಸಿ ಕಂಪ್ಯೂಟರ್ ಆರಿಸಿದಳು, ಆದರೆ ಆ ಅಂಕಿಗಳು ಅವಳ ತಲೆಯಲ್ಲಿ ಉಳಿದವು.

ಮುಂದಿನ ಬುಧವಾರ ತಪ್ಪೊಪ್ಪಿಕೊಂಡಳು, ಅರ್ಧ ಮಾತ್ರ. ನೀವು ಹೇಳಿದ್ದೇ ಸರಿ, ಇನ್ನು ಅದೂ ಅಳಿಯುತ್ತದೆ ಎಂದಳು. ಹರಿದ ಪುಸ್ತಕಗಳ ಲೆಕ್ಕ ಒಪ್ಪಿಸಲು ಕುರ್ಚಿ ಎಳೆದುಕೊಂಡಾಗ ಅವನ ಬಲಗಡೆಗೆ ಎಳೆದುಕೊಂಡಳು. ಅವನು ಮೊದಲ ಸಲ ಅವಳ ಮಾತಿಗೆ "ಆಂ?" ಎನ್ನಲಿಲ್ಲ.

ಆ ಕುರ್ಚಿ ಅಲ್ಲೇ ನಿಂತಿತು. ಬುಧವಾರಗಳು ಉದ್ದವಾದವು. ಪುಟ ಬಿಟ್ಟುಕೊಂಡ ಪುಸ್ತಕದ ಬೆನ್ನನ್ನು ಬೆರಳಿನಿಂದ ಸವರಿ, ಇದನ್ನು ಯಾರೋ ಊಟ ಮಾಡುತ್ತಾ ಓದಿದ್ದಾರೆ, ಇದನ್ನು ಯಾರೋ ಅಳುತ್ತಾ ಓದಿದ್ದಾರೆ ಎಂದು ಅವನು ಹೇಳುವನು. ಸುಳ್ಳು ಎಂದು ಅವಳು ಛೇಡಿಸುವಳು. ಅವನ ಅಂಗೈಯಲ್ಲಿ ಒಣಗಿದ ಅಂಟಿನ ಚೂರುಗಳಿರುತ್ತಿದ್ದವು. ಮಾತಿನ ನಡುವೆ ಅವನು ಅವನ್ನು ಕೆರೆದು ತೆಗೆಯುವುದನ್ನು ನೋಡುತ್ತಾ ಅವಳು ಎಣಿಕೆ ತಪ್ಪುತ್ತಿದ್ದಳು. ಅವನು ತಲೆಯೆತ್ತಿದರೆ ತಾನು ರಿಜಿಸ್ಟರ್ ನೋಡುತ್ತಿದ್ದೆನೆಂಬ ನಾಟಕ. ರಿಜಿಸ್ಟರು ತಲೆಕೆಳಗಾಗಿದೆ ಎಂದು ಒಮ್ಮೆ ಅವನೇ ತಿರುಗಿಸಿ ಕೊಟ್ಟ.

"ಬುಧವಾರ ಮಾತ್ರ ಈ ಮನೇಲಿ ನಂಗೆ ಕನ್ನಡಿ ಸಿಗಲ್ಲ ಕಣೇ," ಎಂದು ಅಕ್ಕ ಕಾಲೆಳೆದಳು. ಅವಳು ನಕ್ಕಳು, ಆದರೆ ಆ ನಗು ಪೂರ್ತಿಯಾಗಲಿಲ್ಲ. ಅವನು ಇಷ್ಟಪಟ್ಟದ್ದು ತನ್ನನ್ನೋ, ಕದ್ದು ತಿಳಿದ ಗುಟ್ಟಿನಿಂದ ತಾನು ತೋರಿದ ಕಾಳಜಿಯನ್ನೋ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಅವನನ್ನು ಕಳೆದುಕೊಳ್ಳುವ ಭಯ. ಹೇಳದಿದ್ದರೆ ಜೀವನಪೂರ್ತಿ ಆ ಗುಟ್ಟಿನ ಮೇಲೇ ಕುಳಿತಿರಬೇಕು.

ನಾಲ್ಕು ತಿಂಗಳಾದ ಮೇಲೆ ಅವನೇ ಬಾಯಿಬಿಟ್ಟ. ಅವತ್ತು ಚೀಲ ಬಿಚ್ಚಲೂ ಇಲ್ಲ.

"ನೀವು ಯಾವಾಗ್ಲೂ ನನ್ನ ಬಲಗಡೇನೇ ಕೂರ್ತೀರಿ. ಯಾರೂ ಹೇಳ್ಕೊಡದೆ. ಅದು ನಂಗೆ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಿಲ್ಲ. ಅದಕ್ಕೇ ಇವತ್ತು ಒಂದು ಮಾತು..."

ಅವನು ಮುಂದೆ ಏನು ಹೇಳುವನೆಂದು ಅವಳಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ಕಾದಿದ್ದ ಮಾತು. ಆದರೂ ತಡೆದಳು.

"ಗೊತ್ತಿದೆ. ಮೊದಲು ಇದನ್ನ ನೋಡಿ."

ಮೂರನೇ ಕಂಪ್ಯೂಟರಿನಲ್ಲಿ ಪ್ಲಗಿನ್ನಿನ ಸೆಟ್ಟಿಂಗ್ಸ್ ತೆರೆದು, ಪಟ್ಟಿ ಎಲ್ಲಿತ್ತು, ತಾನು ಯಾವ ಫೈಲು ತೆರೆದೆ, ಅದರಲ್ಲಿ ಏನು ಓದಿದೆ ಎಂದು ಒಂದನ್ನೂ ಬಿಡದೆ ಹೇಳಿದಳು. ಕೊನೆಗೆ ಕ್ಷಮೆ ಕೇಳಿದಳು. ಅವನು ಪರದೆಯನ್ನೇ ನೋಡುತ್ತಿದ್ದ.

"ನಮ್ಮಮ್ಮಂಗೂ ಹೇಳಿರ್ಲಿಲ್ಲ," ಎಂದ. ಚೀಲ ಎತ್ತಿಕೊಂಡು ಹೋದ.

ಮುಂದಿನ ಬುಧವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಹರಿದ ಪುಸ್ತಕಗಳು ಕೌಂಟರಿನ ಕೆಳಗೆ ರಾಶಿಬಿದ್ದವು. ಬೇರೆ ಬೈಂಡರನನ್ನು ಕರೆಸಿ ಎಂದು ಮುಖ್ಯ ಕಚೇರಿಯವರು ಹೇಳಿದರು, ನೋಡೋಣ ಎಂದಳು. ಅಕ್ಕ ಕಾಲೆಳೆಯುವುದನ್ನು ಬಿಟ್ಟು, ಹೇಳಿದ್ದು ಒಳ್ಳೆಯದಾಯಿತು ಎಂದು ತಲೆ ಸವರಿದಳು. ಒಳ್ಳೆಯದು ಇಷ್ಟು ನೋಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮೂರನೇ ಬುಧವಾರ ಅವನು ಬಂದ. ನೇರವಾಗಿ ತನ್ನ ಜಾಗಕ್ಕೆ ಹೋಗಿ ಕುಳಿತು, ಚೀಲವನ್ನು ಬಲಗಡೆಯ ಕುರ್ಚಿಯ ಮೇಲಿಟ್ಟ. ಅವಳು ಹತ್ತಿರ ಹೋದಳು. ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಮೇಜಿನ ಎದುರಿಗೆ ನಿಂತಳು.

"ಅವತ್ತು ತೋರಿಸಿದ್ರಲ್ಲ, ಅದನ್ನ ತೆಗೀರಿ," ಎಂದ.

ತೆಗೆದಳು. ಅಲ್ಲಿ ಮೂರು ಆಯ್ಕೆಗಳಿದ್ದವು: ಎಲ್ಲರೂ ಬರೆದಿಟ್ಟುಕೊಳ್ಳಲಿ, ಯಾರೂ ಬರೆಯಕೂಡದು, ಮೊದಲು ನನ್ನನ್ನು ಕೇಳಬೇಕು. ಅವನ ಕೈ ಎರಡನೆಯದರ ಮೇಲೆ ನಿಂತಿತು. ಕೈ ಇನ್ನೂ ಕೆಳಗೆ ಬಂದು ಮೂರನೆಯದನ್ನು ಒತ್ತಿತು.

"ನಿಮಗೆ ಗೊತ್ತಾಯ್ತು ಅಂತ ಬೇಜಾರಿಲ್ಲ," ಎಂದ. "ನಾನೇ ಹೇಳ್ಬೇಕು ಅಂತ ಆಸೆ ಇತ್ತು. ಮೊದಲ ಸಲ ಯಾರಿಗಾದ್ರೂ ಹೇಳ್ಬೇಕು ಅನ್ಸಿತ್ತು. ಈಗ ಕೇಳಿ."

ಗೊತ್ತಿರುವುದನ್ನೇ ಕೇಳುವುದು ಇಷ್ಟು ಕಷ್ಟವೆಂದು ಅವಳು ಎಣಿಸಿರಲಿಲ್ಲ. "ನಿಮ್ಮ... ಯಾವ ಕಿವಿ ಮಂದ?"

"ಎಡಗಡೇದು. ಎರಡು ವರ್ಷ ಆಯ್ತು. ಪೂರ್ತಿ ಹೋಗ್ಬಹುದು, ಬಲಗಡೇದನ್ನೂ ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟರು. ಅದಕ್ಕೇ ಹಕ್ಕಿ ಕೂಗು ಎಲ್ಲಾ ನೆನಪಿಟ್ಕೊಳ್ತಿದ್ದೆ." ಮತ್ತೆ ಸೇರಿಸಿದ, "ಅಮ್ಮಂಗೆ ಭಾನುವಾರ ಹೇಳ್ದೆ. ನಿಮ್ಮ ವಿಷಯಾನೂ ಹೇಳ್ದೆ."

ಅವಳ ಕಣ್ಣು ಮಂಜಾಯಿತು. "ನಾನು ಬಲಗಡೆ ಕೂತ್ಕೊಳ್ಳಲಾ?"

"ಬುಧವಾರ ಮಾತ್ರ ಅನ್ನೋ ಹಾಗಿದ್ರೆ ಬೇಡ," ಎಂದು ಅವನು ಚೀಲವನ್ನು ಎತ್ತಿ ನೆಲಕ್ಕಿಟ್ಟ.

ಅವಳು ಕುಳಿತಳು. ಪುಸ್ತಕ ಹಿಡಿದು ಕೌಂಟರಿನಲ್ಲಿ ನಿಂತಿದ್ದವರು ಅವತ್ತು ತುಂಬಾ ಹೊತ್ತು ಕಾಯಬೇಕಾಯಿತು.