ಎರಡೂವರೆ ಎಂಎಲ್

ಏಳೂವರೆಯಾ... ಎಪ್ಪತ್ತೈದಾ?

ಚುಕ್ಕಿ ಎಲ್ಲಿಡಬೇಕು? ಏಳರ ಪಕ್ಕದಲ್ಲಾ, ಅಥವಾ ಇಡಲೇಬಾರದಾ? ಹೋದ ಪರೀಕ್ಷೆಯಲ್ಲೂ ಇಲ್ಲೇ ಮುಗ್ಗರಿಸಿದ್ದು. ಎಲ್ಲ ಸರಿಯಾಗಿ ಗುಣಿಸಿ, ಭಾಗಿಸಿ, ದಡ ಮುಟ್ಟುವ ಹೊತ್ತಿಗೆ ಮುಳುಗುವುದು... ಅಕ್ಕ ಹೇಳೋದೇ ಸರಿ, ನನಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿ!

ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಅವಳು ಪೆನ್ನಿನ ತುದಿ ಕಚ್ಚಿದಳು. ಆಮೇಲೆ, ಆದದ್ದಾಗಲಿ ಎಂದು ಬರೆದೇಬಿಟ್ಟಳು. ಎಪ್ಪತ್ತೈದು ಎಂಎಲ್.

"ಮಗು ತೂಕ ಎಷ್ಟು?"

ಬೆನ್ನ ಹಿಂದೆಯೇ ಪಾಠದ ಸರ್ ದನಿ! ಅವಳು ಬೆಚ್ಚಿ ಎದ್ದು ನಿಂತಳು.

"ಹ... ಹನ್ನೆರಡು ಕೆಜಿ ಸರ್."

"ಔಷಧ?"

"ಜ್ವರದ ಸಿರಪ್ ಸರ್."

"ಎಪ್ಪತ್ತೈದು ಎಂಎಲ್," ಅವನು ಹಾಳೆಯ ಮೇಲಿನ ಕಣ್ಣು ಕೀಳದೆ ಕೇಳಿದ, "ಕುಡಿಸೋಕಾ? ಸ್ನಾನ ಮಾಡ್ಸೋಕಾ?"

ಇಡೀ ಕೋಣೆ ಗೊಳ್ಳೆಂದಿತು. ಅವಳ ಕಿವಿಯ ತನಕ ಬಿಸಿ ಏರಿತು. ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದೇ!

ಆದರೆ ಅವನು ನಗಲಿಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಚಮಚವೊಂದನ್ನು ತಂದು ಅವಳ ಕೈಗಿಟ್ಟ.

"ಲೆಕ್ಕ ಆಮೇಲೆ. ಮೊದಲು ಆ ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ. ಜ್ವರ ಇದೆ, ಅಳ್ತಿದೆ. ಎಷ್ಟು ಚಮಚ ಕುಡಿಸ್ತೀರಿ?"

ಅವಳು ಚಮಚವನ್ನೇ ನೋಡಿದಳು. "ಒಂದು... ಜಾಸ್ತಿ ಅಂದ್ರೆ ಒಂದೂವರೆ?"

"ಒಂದು ಚಮಚಕ್ಕೆ ಐದು ಎಂಎಲ್. ಈಗ ಹೇಳಿ, ಚುಕ್ಕಿ ಎಲ್ಲಿಗೆ ಬಂತು?"

ಏಳು... ಚುಕ್ಕಿ... ಐದು!

ಅವಳ ಕಣ್ಣಲ್ಲಿ ನೀರು ತುಂಬಿತು. ಅವಮಾನದಿಂದಲೋ, ಜೀವನದಲ್ಲಿ ಮೊದಲ ಬಾರಿಗೆ ಒಂದು ಲೆಕ್ಕ ಅರ್ಥವಾದದ್ದಕ್ಕೋ, ಅವಳಿಗೇ ತಿಳಿಯಲಿಲ್ಲ.

ಅಂದಿನಿಂದ ಹಾಸ್ಟೆಲ್ ತುಂಬ ಅವಳ ಹೆಸರು ಚುಕ್ಕಿ. ಅವನಿಗೆ ಮೊದಲೇ ಒಂದು ಹೆಸರಿತ್ತು, ಮೌನಿ ಸರ್. ಅವನು ಆಸ್ಪತ್ರೆಯ ಔಷಧ ವಿಭಾಗದ ಫಾರ್ಮಸಿಸ್ಟ್. ಔಷಧದ ಲೆಕ್ಕದಲ್ಲಿ ಫೇಲಾದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಪಾಠ ಹೇಳುವ ಕೆಲಸವೂ ಅವನ ಕೊರಳಿಗೇ ಬಿದ್ದಿತ್ತು. ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಿದವನಲ್ಲ.

ಆ ಪರೀಕ್ಷೆ ವಿಚಿತ್ರವಾದದ್ದು. ನೂರಕ್ಕೆ ನೂರು ಬಂದರೆ ಪಾಸು, ಒಂದು ತಪ್ಪಿದರೂ ಫೇಲು. ಮೂರು ಅವಕಾಶಗಳಲ್ಲಿ ಅವಳು ಎರಡನ್ನು ಕಳೆದುಕೊಂಡಿದ್ದಳು. ಮೂರನೆಯದೂ ಹೋದರೆ ಓದು ಅಲ್ಲಿಗೆ ಮುಗಿಯಿತು. ಅಮ್ಮ ಹಾಸಿಗೆ ಹಿಡಿದಾಗ ಒಮ್ಮೆ ನಿಂತ ಓದು, ಅಮ್ಮ ಹೋದ ಮೇಲೆ ಹಟ ಹಿಡಿದು ಮತ್ತೆ ಶುರು ಮಾಡಿದ ಓದು. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ಅವಳೇ. ಪಾಸಾದರೆ ಕೊನೆಯ ವರ್ಷದ ತರಬೇತಿಗೆ ದೂರದ ಊರಿನ ಮಕ್ಕಳ ಆಸ್ಪತ್ರೆ.

ಅಪಾಯದ ಔಷಧಗಳಿಗೆ ಒಂದು ನಿಯಮವಿದೆ. ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಒಬ್ಬರ ಉತ್ತರವನ್ನು ಇನ್ನೊಬ್ಬರು ಮೊದಲೇ ಕೇಳಬಾರದು, ನೋಡಬಾರದು. ಎರಡೂ ಉತ್ತರ ಒಂದೇ ಆದರೆ ಮಾತ್ರ ಸೂಜಿ ರೋಗಿಯ ಹತ್ತಿರ ಹೋಗುತ್ತದೆ.

"ಯಾಕೆ ಸರ್, ಕೇಳಿದ್ರೆ ಏನಾಗುತ್ತೆ?" ಎಂದು ಕೇಳಿದವಳು ಗಡಿಬಿಡಿ. ಚುಕ್ಕಿಯ ರೂಮ್‌ಮೇಟ್. ಯಾವಾಗಲೂ ಒಂದು ಚಪ್ಪಲಿ ತನ್ನದು, ಇನ್ನೊಂದು ಯಾರದ್ದೋ ಮೆಟ್ಟಿಕೊಂಡು ಬರುವವಳು.

"ಒಂದ್ಸಲ ಉತ್ತರ ಕಿವಿಗೆ ಬಿದ್ರೆ, ಆಮೇಲೆ ನಾವು ಲೆಕ್ಕ ಹಾಕಲ್ಲ. ತಲೆ ಆಡಿಸ್ತೀವಿ ಅಷ್ಟೆ," ಎಂದ ಅವನು.

ಜೋಡಿ ಮಾಡುವಾಗ ಚುಕ್ಕಿ ಒಬ್ಬಳೇ ಉಳಿದಳು. ಹಾಗಾಗಿ ಅವಳ ಜೋಡಿ ಅವನೇ ಆದ.

ಅವನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ, ಅವಳು ಗೋಡೆಯ ಕಡೆ. ಇಬ್ಬರ ಬೆನ್ನ ನಡುವೆ ಒಂದು ಮೊಳ ಜಾಗ. ಅವನ ಪೆನ್ನು ಕಾಗದದ ಮೇಲೆ ಹರಿಯುವ ಸದ್ದು ಅವಳಿಗೆ ಕೇಳುತ್ತಿತ್ತು. ಅದು ನಿಂತರೆ ಅವನದು ಮುಗಿಯಿತು ಎಂದರ್ಥ. ಅವನೆಂದೂ ಅವಸರ ಮಾಡಲಿಲ್ಲ. ಅವಳು "ಆಯ್ತು ಸರ್" ಎನ್ನುವವರೆಗೆ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದ.

ಆಮೇಲೆ ಇಬ್ಬರೂ ತಿರುಗಿ, ಹಾಳೆಗಳನ್ನು ಅಕ್ಕಪಕ್ಕ ಇಡುತ್ತಿದ್ದರು.

ಎರಡರಲ್ಲೂ ಒಂದೇ ಸಂಖ್ಯೆ!

ಆ ಕ್ಷಣಕ್ಕಾಗಿಯೇ ಅವಳು ಬೆಳಿಗ್ಗೆಯಿಂದ ಕಾಯತೊಡಗಿದ್ದು ಯಾವಾಗಿನಿಂದಲೋ... ಸಂಖ್ಯೆಗಾಗಿ ಅಲ್ಲ ಎಂಬುದು ಗಡಿಬಿಡಿಗೆ ಮೊದಲು ಗೊತ್ತಾಯಿತು.

"ಲೇ ಚುಕ್ಕಿ, ಲೆಕ್ಕದ ಕ್ಲಾಸಿಗೆ ಕಾಡಿಗೆ ಯಾಕೇ?"

"ಕಣ್ಣು ಉರೀತಿತ್ತು ಕಣೇ."

"ಓಹೋ! ಬೆಳಿಗ್ಗೆಯಿಂದ ವಾರ್ಡಲ್ಲಿ ಉರೀದೇ ಇದ್ದ ಕಣ್ಣು, ಈಗ ಉರೀತಾ?"

ಚುಕ್ಕಿ ದಿಂಬು ಎಸೆದಳು. ಆದರೆ ಒಳಗೊಳಗೇ ಹೆದರಿದಳು. ಇದೇನು ಹುಚ್ಚು! ಪಾಸಾದರೂ ಇಲ್ಲಿಂದ ಹೋಗಬೇಕು. ಫೇಲಾದರೂ ಹೋಗಬೇಕು. ಯಾವ ದಾರಿಯಲ್ಲೂ ಅವರು ಇಲ್ಲ...

ಒಂದು ಮಧ್ಯಾಹ್ನ ಹಾಗೇ ಲೆಕ್ಕ ಮಾಡುತ್ತಿದ್ದಾಗ, ಯಾಕೆ ಬಂತೋ, ಅಮ್ಮನ ಮಾತು ಬಂತು.

"ನಮ್ಮಮ್ಮ ಮಾತ್ರೆ ನುಂಗಿದ ಹಾಗೆ ಮಾಡಿ, ನಾನು ಆ ಕಡೆ ತಿರುಗಿದ ತಕ್ಷಣ ಕಿಟಕಿ ಪಕ್ಕದ ಹೂಕುಂಡಕ್ಕೆ ಉಗೀತಿದ್ರು ಸರ್. ಎಷ್ಟು ತಿಂಗಳು ನಡೆಸಿದ್ರೋ! ಆ ಗಿಡಕ್ಕೆ ಮಾತ್ರ ಒಂದು ದಿನಾನೂ ಬಿಪಿ ಬರ್ಲಿಲ್ಲ ನೋಡಿ."

ಅವಳ ಬೆನ್ನ ಹಿಂದೆ ಒಂದು ಸದ್ದಾಯಿತು. ತಿರುಗಿ ನೋಡಿದಳು. ಮೌನಿ ಸರ್ ನಗುತ್ತಿದ್ದರು! ಭುಜ ಅಲುಗುವಂತೆ, ಕಣ್ಣಂಚು ಒದ್ದೆಯಾಗುವಂತೆ. ಕನ್ನಡಕ ತೆಗೆದು ಒರೆಸಿಕೊಂಡ ಆ ಮುಖ ಎಷ್ಟು ಎಳೆಯದಾಗಿ ಕಂಡಿತೆಂದರೆ, ಅವಳ ಎದೆ ಒಮ್ಮೆ ಝಲ್ಲೆಂದಿತು.

"ಆಯ್ತಾ ಲೆಕ್ಕ?" ಎಂದ.

"ಆಯ್ತು ಸರ್, ಎರಡೂವರೆ ಎಂಎಲ್," ಎಂದು ಖುಷಿಯಲ್ಲಿ ನಾಲಿಗೆ ಜಾರಿತು.

ಅವನು ಅವಳ ಹಾಳೆ ನೋಡಿದ. ಅವಳನ್ನು ನೋಡಿದ. "ಸರಿ," ಎಂದು ಗುರುತು ಹಾಕಿದ.

ಮರುದಿನ ಪಾಠಕ್ಕೆ ಅವನು ಬರಲಿಲ್ಲ. ಅದರ ಮರುದಿನವೂ.

ಹಾಜರಿಗೆ ಸಹಿ ಹಾಕಲು ಟ್ಯೂಟರ್ ಮೇಡಂ ಕೋಣೆಗೆ ಹೋದವಳು ಬಾಗಿಲ ಬಳಿಯೇ ನಿಂತಳು. ಒಳಗೆ ಅವನ ದನಿ.

"ಆ ಹುಡುಗಿಗೆ ಬೇರೆ ಯಾರನ್ನಾದ್ರೂ ಹಾಕಿ ಮೇಡಂ. ನಾನು ಅವಳ ಲೆಕ್ಕ ನೋಡಲ್ಲ. ಪರೀಕ್ಷೆಗೂ ನನ್ನ ಸಹಿ ಬೇಡ."

"ಯಾಕಪ್ಪಾ, ಅಷ್ಟೊಂದು ದಡ್ಡಿನಾ?"

ಅವನು ಏನಾದರೂ ಹೇಳುತ್ತಾನೆಂದು ಅವಳು ಕಾದಳು. ಅಲ್ಲ ಮೇಡಂ, ಹಾಗೇನಿಲ್ಲ ಮೇಡಂ... ಒಂದೇ ಒಂದು ಮಾತು!

ಒಳಗೆ ಮೌನ.

ಅವಳು ಸಹಿ ಹಾಕದೆ ಹಿಂತಿರುಗಿದಳು. ಕಾರಿಡಾರಿನ ಕೊನೆಯ ನಲ್ಲಿಯ ಹತ್ತಿರ ಮುಖ ತೊಳೆದಳು. ತೊಳೆದಷ್ಟೂ ಮುಖ ಒದ್ದೆಯಾಗುತ್ತಲೇ ಇತ್ತು.

ಆ ಸಂಜೆ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕನ ಹೊಲಿಗೆ ಯಂತ್ರದ ಸದ್ದು ಆ ಕಡೆಯಿಂದ ಕೇಳುತ್ತಿತ್ತು.

"ಅಕ್ಕಾ, ನಂಗೆ ಆಗಲ್ಲ ಅನ್ಸುತ್ತೆ. ಬಂದ್ಬಿಡ್ಲಾ?"

ಯಂತ್ರ ನಿಂತಿತು. "ಬಾರೇ, ಯಾರು ಬೇಡ ಅಂದ್ರು? ಅಂಗಡೀಲಿ ಗುಂಡಿ ಹಾಕೋ ಕೆಲ್ಸ ರಾಶಿ ಬಿದ್ದಿದೆ. ಆದ್ರೆ ಒಂದು ಕೇಳ್ತೀನಿ... ಯಾರಾದ್ರೂ ಏನಾದ್ರೂ ಅಂದ್ರಾ?"

"ಅನ್ಲಿಲ್ಲ ಅಕ್ಕಾ."

"ಮತ್ತೆ?"

"ಏನೂ ಅನ್ಲಿಲ್ಲ. ಅದೇ."

ಅಕ್ಕನಿಗೆ ಅರ್ಥವಾಯಿತೋ ಇಲ್ಲವೋ. "ಪರೀಕ್ಷೆ ಬರ್ದು ಬಾ. ಬರೀದೇ ಬಂದ್ರೆ ನಿಮ್ಮ ಭಾವ ಊರೆಲ್ಲ ಡಂಗುರ ಸಾರ್ತಾರೆ," ಎಂದಳು.

ಅವಳು ಬರೆದಳು. ಹೊಸ ಪರೀಕ್ಷಕಿ ನಿವೃತ್ತಿಯಾದ ಮೇಟ್ರನ್. ಕೆಮ್ಮಿದರೂ ಕಣ್ಣು ಕೆಂಪಗೆ ಮಾಡುವವರು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅವಳಿಗೆ ಬೆನ್ನ ಹಿಂದಿನ ಜಾಗ ಖಾಲಿ ಎನ್ನಿಸಿತು. ಪೆನ್ನಿನ ಸದ್ದಿಲ್ಲ. ಕಿಟಕಿಯತ್ತ ತಿರುಗಿದ ಆ ಭುಜಗಳಿಲ್ಲ. ಇಷ್ಟು ಜನರ ನಡುವೆ ಇಷ್ಟೊಂದು ಒಂಟಿತನ ಹೇಗೆ ಸಾಧ್ಯ?

ದಡ್ಡಿ... ಇರಲಿ. ಮಗು ಅಳುತ್ತಿದೆಯಲ್ಲ, ಅದನ್ನು ನೋಡೋಣ.

ಒಂದೊಂದೇ ಮಗುವನ್ನು ಮನಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಳು. ಒಂದೊಂದಕ್ಕೇ ಔಷಧ ಕುಡಿಸಿದಳು. ಹಾಳೆ ಕೊಟ್ಟು ಹೊರಬಂದಳು.

ಫಲಿತಾಂಶ ಓಡಿಬಂದು ಹೇಳಿದವಳು ಗಡಿಬಿಡಿಯೇ. "ನೂರಕ್ಕೆ ನೂರು ಕಣೇ! ಆ ಮೇಟ್ರನ್ನಮ್ಮ ಮೂರು ಸಲ ತಿದ್ದಿ ನೋಡಿದ್ರಂತೆ, ಒಂದು ತಪ್ಪೂ ಸಿಗ್ಲಿಲ್ಲ ಅಂತ ಬೇಜಾರು ಮಾಡ್ಕೊಂಡ್ರಂತೆ! ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಬೇಕು, ಗಂಟು ಕಟ್ಟು!"

ಚುಕ್ಕಿ ಗಂಟು ಕಟ್ಟಲಿಲ್ಲ. ನೇರವಾಗಿ ಆಸ್ಪತ್ರೆಯ ಔಷಧ ವಿಭಾಗಕ್ಕೆ ನಡೆದಳು. ಸಿಟ್ಟು ತಲೆಗೇರಿತ್ತು. ಕಿಟಕಿಯ ಮುಂದೆ ಉದ್ದದ ಸಾಲು. ಎಲ್ಲರಂತೆ ನಿಂತಳು. ಮುಂದಿನವರು ಸರಿದಂತೆ ಸಿಟ್ಟೂ ಸರಿಯತೊಡಗಿತು. ಗಾಜಿನ ಮುಂದೆ ಬಂದಾಗ ಉಳಿದದ್ದು ನೋವು ಮಾತ್ರ.

"ಚೀಟಿ?" ಎಂದು ಕೈಚಾಚಿದವನು ತಲೆಯೆತ್ತಿದ. ಕೈ ಅಲ್ಲೇ ನಿಂತಿತು.

"ಪಾಸಾದೆ," ಎಂದಳು. "ದಡ್ಡಿ ಪಾಸಾದಳು ಅಂತ ಹೇಳೋಕೆ ಬಂದೆ. ನಿಮ್ಮ ಸಹಿ ಇಲ್ದೇನೇ."

"ದಡ್ಡಿ ಅಂತ ನಾನಂದ್ನಾ?"

"ಅಲ್ಲ ಅಂತಾನೂ ಅನ್ಲಿಲ್ಲ!"

ಅವನ ಮುಖ ಬಿಳಿಚಿಕೊಂಡಿತು. ಕೇಳಿಸಿಕೊಂಡಿದ್ದಾಳೆ...

"ಏನಮ್ಮಾ, ಅಲ್ಲೇ ಮನೆ ಮಾಡ್ತೀಯಾ?" ಹಿಂದಿನಿಂದ ಯಾರೋ ಕೂಗಿದರು.

ಅವನು ಗಾಜಿನ ತೂತಿನ ಹತ್ತಿರ ಬಾಗಿದ. ದನಿ ತಗ್ಗಿತ್ತು.

"ಅವತ್ತು ಒಂದು ಲೆಕ್ಕ ಕೊಟ್ಟಿದ್ದೆ. ಬಾಟಲಿಯಲ್ಲಿ ಐವತ್ತು ಮಿಲಿಗ್ರಾಂ ಔಷಧ, ಎರಡು ಎಂಎಲ್ ನೀರಲ್ಲಿ. ರೋಗಿಗೆ ಬೇಕಾದ್ದು ನಲವತ್ತು. ನಿಮ್ಮ ಉತ್ತರ ನೆನಪಿದೆಯಾ?"

"ಎರಡೂವರೆ ಎಂ..." ಅವಳ ಬಾಯಿ ಅರ್ಧಕ್ಕೆ ನಿಂತಿತು.

ಇಡೀ ಬಾಟಲಿಯಲ್ಲಿ ಇರುವುದೇ ಎರಡು! ಅದರಲ್ಲೂ ಸ್ವಲ್ಪ ಮಿಗಬೇಕು!

"ಒಂದು ಪಾಯಿಂಟ್ ಆರು," ಎಂದಳು ಪಿಸುದನಿಯಲ್ಲಿ. "ತಲೆಕೆಳಗು ಮಾಡಿದ್ದೆ. ಆದ್ರೆ ನೀವು... ಸರಿ ಅಂದ್ರಲ್ಲ?"

"ಅಂದೆ. ನನ್ನ ಹಾಳೆಯಲ್ಲಿ ಒಂದು ಪಾಯಿಂಟ್ ಆರು ಅಂತ ನಾನೇ ಬರೆದಿದ್ದೆ. ಆದ್ರೂ ನಿಮ್ಮ ಹಾಳೆ ನೋಡಿ ಸರಿ ಅಂದೆ." ಅವನು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. "ಸಂಜೆ ಹಾಳೆ ಜೋಡಿಸುವಾಗ ನೋಡಿದೆ. ಕೈ ತಣ್ಣಗಾಯ್ತು. ನಿಮ್ಮ ಲೆಕ್ಕ ನಾನು ನೋಡಬಾರದು. ನೀವೇನು ಬರೆದ್ರೂ ನನಗೆ ಸರಿ ಅನ್ಸುತ್ತೆ. ಅಂಥವನು ನಿಮಗೆ ಕಲಿಸಿದ್ರೆ ನಿಮಗೂ ಅಪಾಯ, ನಿಮ್ಮ ರೋಗಿಗೂ ಅಪಾಯ."

ಅವಳು ಗಾಜಿಗೆ ಇನ್ನೂ ಹತ್ತಿರ ಬಂದಳು.

"ಮೇಡಂ ಕೇಳ್ದಾಗ ಇದನ್ನೇ ಹೇಳಬಹುದಿತ್ತಲ್ಲ!"

"ಮೇಡಂಗೆ? ಇದನ್ನಾ?"

ಅಳು ಬರುತ್ತಿದ್ದ ಅವಳಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು. ಸಾಲಿನಲ್ಲಿ ಹಿಂದೆಯೇ ನಿಂತಿದ್ದ ಅಜ್ಜ ಕೋಲು ಕುಟ್ಟಿದರು.

"ನಂದು ಆಮೇಲೆ ಕೊಡಪ್ಪಾ. ಮೊದಲು ಆ ಹುಡುಗೀದು ಮುಗಿಸು. ಪಾಪ, ಕಾಯಿಲೆ ಜೋರಾಗಿದೆ!"

ಸಾಲು ನಕ್ಕಿತು. ಅವಳು ತಲೆ ತಗ್ಗಿಸಲಿಲ್ಲ. ಇನ್ನು ಎಷ್ಟು ಹೊತ್ತಿದೆ ಇಲ್ಲಿ ನನಗೆ? ಈಗಲ್ಲದಿದ್ದರೆ ಯಾವಾಗ?

"ನಂಗೆ ನೀವಂದ್ರೆ ತುಂಬಾ ಇಷ್ಟ," ಎಂದಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಬೆಳಿಗ್ಗೆ ಹೋಗ್ತಿದೀನಿ. ಹೇಳದೇ ಹೋದ್ರೆ ಅಲ್ಲಿ ಕೈ ನಡುಗುತ್ತೆ."

ಅವನು ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಇದ್ದದ್ದನ್ನು ಓದಲು ಅವಳಿಗೆ ಯಾವ ಲೆಕ್ಕವೂ ಬೇಕಾಗಲಿಲ್ಲ.

"ಬಸ್ಸಿನ ಹತ್ತಿರ ಬರ್ತೀನಿ," ಎಂದ.

ಬಂದ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಬಸ್ಸು ಎಂಜಿನ್ ಬಿಸಿ ಮಾಡುತ್ತ ನಿಂತಿತ್ತು. ಅವಳ ಟ್ರಂಕನ್ನು ಅವನೇ ಎತ್ತಿ ಮೇಲಿಟ್ಟ. ಆಮೇಲೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗಿಳಿಸಿದ.

ಕಂಡಕ್ಟರ್ ಸೀಟಿ ಊದಿದ. ಅವಳು ಮೆಟ್ಟಿಲೇರಿ ತಿರುಗಿದಳು.

"ಒಂದು ವರ್ಷ ಸರ್. ಮರೀತೀರಾ?"

"ಸರ್ ಅನ್ನೋದನ್ನ ನೀವು ಮರೀರಿ."

"ನೀವು ಅನ್ನೋದನ್ನ ನೀವು ಬಿಡಿ, ಆಮೇಲೆ ನೋಡೋಣ."

ಅವನು ನಕ್ಕ. ಅದೇ ಕಣ್ಣಂಚು ಒದ್ದೆಯಾಗುವ ನಗು. ಬಾಗಿಲ ಕಂಬಿಯ ಮೇಲಿದ್ದ ಅವಳ ಬೆರಳುಗಳನ್ನು ಒಮ್ಮೆ ಮುಟ್ಟಿದ, ಅಷ್ಟೇ.

"ಹೋಗಿ ಬರ್ತೀನಿ," ಎಂದಳು.

"ಹೋಗಿ ಬಾ," ಎಂದ.

ಬಸ್ಸು ಚಲಿಸಿತು. ಅವನು ಅದರ ಜೊತೆ ನಾಲ್ಕು ಹೆಜ್ಜೆ ನಡೆದು ನಿಂತ. ತಿರುವಿನಲ್ಲಿ ಅವಳು ಕಿಟಕಿಯಿಂದ ಕೈ ಬೀಸುತ್ತಿರುವುದು ಕಾಣುತ್ತಿತ್ತು, ಆಮೇಲೆ ಧೂಳು.

ಹೋಗಬೇಡ ಎಂದು ಅವನು ಹೇಳಲಿಲ್ಲ.