ಬಿಗಿಯಾದ ಕಾಲುಂಗುರ

ಇಬ್ಬರಿಗೆ ಬಸ್ ಚಾರ್ಜು ಒಂದೂವರೆ ರೂಪಾಯಿ. ಡಾಕ್ಟರ ಫೀಸು ಎರಡು ರೂಪಾಯಿ. ಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕಲು ಕರೆದ ಆಳಿಗೆ ಒಂದು ರೂಪಾಯಿ, ಊಟ ಬೇರೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದವರೆಗೂ ಕದಿರಮ್ಮ ಮನಸ್ಸಿನಲ್ಲೇ ಕೂಡಿಸುತ್ತಾ ಬಂದಿದ್ದಳು.

'ಒಂದು ಕಾಲ್ಬೆರಳಿಗೆ ಇಷ್ಟೊಂದು ಖರ್ಚೇ! ಅದೂ ನನ್ನನ್ನು ಕಂಡರಾಗದ ಗಂಡನ ಕೈಯಿಂದ...'

"ಕಾಲು ಮೇಲಿಡಮ್ಮ," ಎಂದು ಡಾಕ್ಟರ್ ನರಸಿಂಹಪ್ಪ ಕೈ ಚಾಚಿದರು. ಅವಳು ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡಳು.

"ಅಯ್ಯೋ, ಬ್ಯಾಡಿ ಸ್ವಾಮಿ! ದೊಡ್ಡೋರು ನನ್ನ ಕಾಲು ಮುಟ್ಟೋದಾ?"

"ಕಾಲಿನ ಡಾಕ್ಟರು ಕಾಲು ಮುಟ್ಟದೆ ಮೂಗು ಮುಟ್ಟಲೇನಮ್ಮ?"

ಅವಳಿಗೆ ಭಯದ ನಡುವೆಯೂ ನಗು ಬಂತು.

ಅವರು ಮೊದಲು ಅವಳನ್ನು ಗೋಡೆಯವರೆಗೆ ನಡೆಸಿದರು. ಆಮೇಲೆ ಬಿಸಿನೀರಿನಲ್ಲಿ ಕಾಲು ತೊಳೆಸಿ, ಅಂಗಾಲನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳು ಒತ್ತಿದರು. "ಇಲ್ಲಿ ನೋವಾ? ಇಲ್ಲಿ?" ಅವಸರವೇ ಇಲ್ಲ. ಹಾಲು ಕೊಡದ ಹಸುವನ್ನೂ ಪಳಗಿಸಬಲ್ಲ ಕೈ ಅದು.

"ಅಂಗಾಲಿನ ಹೊರ ಅಂಚು ಜಡ್ಡುಗಟ್ಟಿದೆ. ಬೆರಳು ನೆಲಕ್ಕೆ ತಾಗದ ಹಾಗೆ ನಡೀತಿದೀಯ. ಎಷ್ಟು ದಿನದಿಂದ?"

"ಮದುವೆ ಆದಾಗಿಂದ..."

ಆರು ತಿಂಗಳು! ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಮುನಿಶಾಮಪ್ಪನ ಮುಖ ಕಪ್ಪಿಟ್ಟಿತು. ತೋಟಕ್ಕೆ ಬಾ ಅಂದಾಗಲೆಲ್ಲ ಅವಳು ಏನಾದರೊಂದು ನೆಪ ಹೇಳುತ್ತಿದ್ದಳು. ಇವಳಿಗೆ ತಾನು ಇಷ್ಟವಿಲ್ಲ ಎಂದುಕೊಂಡು ಅವನು ಕರೆಯುವುದನ್ನೇ ಬಿಟ್ಟಿದ್ದ. ನಿನ್ನೆ ಹೊಸಿಲ ಮೇಲೆ ರಕ್ತ ಕಂಡಾಗಲೇ ಅವನಿಗೆ ಕಾಲಿನ ವಿಷಯ ಗೊತ್ತಾದದ್ದು.

"ಉಂಗುರ ಮಾಂಸದೊಳಗೆ ಕೂತಿದೆ. ಇವತ್ತೇ ಕತ್ತರಿಸಬೇಕು. ಇಲ್ಲದಿದ್ರೆ ಬೆರಳು ಹೋಗುತ್ತೆ," ಎಂದರು ಡಾಕ್ಟರು.

"ಬೆರಳು ಹೋಗ್ಲಿ! ಕಾಲುಂಗುರ ಮಾತ್ರ ಬ್ಯಾಡ. ಅದು... ಅದು ಇವರ ಆಯುಸ್ಸು!"

"ಇನ್ನೊಂದು ಕಾಲಿಂದು ಇದೆಯಲ್ಲಮ್ಮ."

"ಹಂಗಾದ್ರೆ ಇವರಿಗೆ ಅರ್ಧ ಆಯುಸ್ಸಾ ಸ್ವಾಮಿ?"

ಮುನಿಶಾಮಪ್ಪ ಒಳಗೆ ಬಂದ.

"ಕದಿರಿ, ಬಿಗಿ ಅಂತ ಅವತ್ತೇ ಹೇಳೋಕೇನಾಗಿತ್ತು?"

"ನೀವು ಮೊದಲನೇ ಬೆಳೆ ರೇಷ್ಮೆಗೂಡು ಮಾರಿ ಮಾಡಿಸಿದ್ದು. ಹಸೆಮಣೆ ಮೇಲೆ ನೀವೇ ಹಾಕಿದ್ದು. ತೆಗೀರಿ ಅಂತ ಯಾವ ಬಾಯಲ್ಲಿ ಹೇಳಲಿ?"

ಅವನು ಅವಳ ಊದಿದ ಬೆರಳಿನ ಕಡೆ ಬಗ್ಗಿ ನೋಡಿದ. 'ಇಷ್ಟು ನೋವು ನುಂಗಿದ್ದು ನನಗೋಸ್ಕರವೇ? ನಾನೆಂಥ ಕುರುಡ...'

"ಬೆರಳೇ ಹೋದ್ರೆ ನನ್ನ ಆಯುಸ್ಸನ್ನ ಎಲ್ಲಿಗೆ ಹಾಕ್ಕೊತೀಯೇ? ಬೆರಳು ಉಳೀಲಿ. ಹೊಸದು ನಾನೇ ಹಾಕ್ತೀನಿ. ಸಡಿಲವಾಗಿ!"

ಅಳುತ್ತಲೇ ಅವಳು ತಲೆಯಾಡಿಸಿದಳು.

"ಅಲುಗಾಡದ ಹಾಗೆ ಯಾರಾದರೂ ಕಾಲು ಹಿಡ್ಕೋಬೇಕು," ಎಂದರು ಡಾಕ್ಟರು. ಕಾಂಪೌಂಡರ್ ಮುಂದೆ ಬರುವಷ್ಟರಲ್ಲಿ ಮುನಿಶಾಮಪ್ಪ ನೆಲದ ಮೇಲೆ ಕೂತು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡಿದ್ದ!

ಹೊರಗಿನ ಬೆಂಚಿನಿಂದ ಒಬ್ಬ ಮುದುಕಿ ಇಣುಕಿದಳು. "ನೋಡ್ರಮ್ಮ, ಹೆಂಡ್ತಿ ಕಾಲು ಹಿಡಿದವ್ನೆ!"

"ನನ್ನ ಹೆಂಡ್ತಿ ಕಾಲೇ ತಾನೆ ಅಜ್ಜಿ," ಎಂದ ಅವನು, ತಲೆಯೆತ್ತದೆ.

ಕದಿರಮ್ಮ ಅವನನ್ನೇ ನೋಡುತ್ತಿದ್ದಳು. ನಾಚಿಕೆಯಿಲ್ಲದೆ, ಇಷ್ಟು ಜನರ ಎದುರು... ಇಂಥ ಗಂಡಸು ತನ್ನವನೇ! ಇಕ್ಕಳದ ಟಕ್ ಶಬ್ದ ಅವಳಿಗೆ ಕೇಳಿಸಲೇ ಇಲ್ಲ.

ಪಟ್ಟಿ ಕಟ್ಟಿದ ಮೇಲೂ ಅವನು ಪಾದ ಬಿಡಲಿಲ್ಲ.

"ನಿಂಗೆ ನಾನು ಇಷ್ಟ ಇಲ್ಲ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

"ಇಷ್ಟ ಇಲ್ದೋರಿಗೆ ಯಾರಾದ್ರೂ ಆರು ತಿಂಗಳು ಕುಂಟ್ತಾರಾ?"

"ಮತ್ತೆ ಬಾಯಿಬಿಟ್ಟು ಹೇಳೇ."

"ಇಷ್ಟ ಕಣ್ರೀ... ತುಂಬಾ ಇಷ್ಟ. ಈಗ ಕಾಲು ಬಿಡಿ, ಡಾಕ್ಟರು ನೋಡ್ತಾವ್ರೆ."

ಹೋದದ್ದು ಒಂದು ಬೆಳ್ಳಿ ಉಂಗುರ, ಜೊತೆಗೊಂದು ಉಗುರು. ಬೆರಳು ಉಳಿಯಿತು. ಕದಿರಮ್ಮನಿಗೆ ಗಂಡ ಸಿಕ್ಕಿದ.